ಪದ ಪರಿಚಯ: ಕಾಂಟ್ರಡಿಕ್ಷನ್ – ಎದುರುಬದುರು ನಿಂತ ಎರಡು ಮಾತು



ಈ ತಿಂಗಳ ಪದ 'ಕಾಂಟ್ರಡಿಕ್ಷನ್'. ಪತ್ರಿಕೆಯ ಸುದ್ದಿಯಲ್ಲಿ, ಟಿ.ವಿ. ಚರ್ಚೆಯಲ್ಲಿ, ಕೋರ್ಟಿನ ತೀರ್ಪಿನಲ್ಲಿ, ಮಕ್ಕಳ ಗಣಿತ ಪುಸ್ತಕದಲ್ಲಿ, ಒಮ್ಮೊಮ್ಮೆ ಮನೆಯ ಊಟದ ಹೊತ್ತಿನ ಮಾತಿನಲ್ಲೂ ಈ ಪದ ನುಸುಳುತ್ತದೆ. "ನೀವು ಹೇಳುವುದರಲ್ಲಿ ಕಾಂಟ್ರಡಿಕ್ಷನ್ ಇದೆ" ಎಂದು ಯಾರಾದರೂ ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅದಕ್ಕೆ ಕಾರಣವಿದೆ. ಇದು ಬರೀ ಭಿನ್ನಾಭಿಪ್ರಾಯದ ಮಾತಲ್ಲ. ನೀವು ಆಡಿದ ಎರಡು ಮಾತುಗಳಲ್ಲಿ ಒಂದಾದರೂ ಸುಳ್ಳು ಎಂಬ ಆರೋಪ. ಆರೋಪ ಇಷ್ಟು ಭಾರವಾದದ್ದು ಎಂದ ಮೇಲೆ, ಪದವನ್ನು ತೂಕ ಮಾಡಿ ಬಳಸುವುದು ಒಳ್ಳೆಯದಲ್ಲವೇ? ಈ ಪದ ಎಲ್ಲಿಂದ ಬಂತು, ಅದಕ್ಕೆ ಎಷ್ಟು ಅರ್ಥಗಳಿವೆ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ನೋಡೋಣ.

ಪದದ ಹುಟ್ಟು

ಲ್ಯಾಟಿನ್ ಭಾಷೆಯಲ್ಲಿ 'ಕಾಂಟ್ರಾ' ಎಂದರೆ ಎದುರು, ವಿರುದ್ಧ. 'ದಿಚೆರೆ' ಎಂದರೆ ಹೇಳು, ನುಡಿ. ಎರಡೂ ಸೇರಿ 'ಎದುರಾಗಿ ನುಡಿಯುವುದು' ಎಂಬ ಅರ್ಥ ಬಂತು. ಈ ಪದ ಫ್ರೆಂಚ್ ಭಾಷೆಯ ಮೂಲಕ 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದು ಸೇರಿತು. ಉಚ್ಚಾರ ಮಾಡುವಾಗ ಒತ್ತು ಮೂರನೆಯ ಭಾಗದ ಮೇಲೆ ಬೀಳಬೇಕು: ಕಾನ್–ಟ್ರ–ಡಿಕ್–ಷನ್. 'ಡಿಕ್' ಎಂಬುದನ್ನು ಗಟ್ಟಿಯಾಗಿ ಹೇಳಿದರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ.

ಈ 'ಡಿಕ್ಟ್' ಎಂಬ ತುಂಡು ನಮಗೆ ಹೊಸದಲ್ಲ. ಶಾಲೆಯಲ್ಲಿ ಟೀಚರ್ ಹೇಳಿ ಬರೆಸುವುದು ಡಿಕ್ಟೇಷನ್. ಪದಗಳ ಅರ್ಥ ಹೇಳುವ ಪುಸ್ತಕ ಡಿಕ್ಷನರಿ. ಮುಂದಾಗುವುದನ್ನು ಮೊದಲೇ ಹೇಳಿದರೆ ಪ್ರಿಡಿಕ್ಷನ್. ನ್ಯಾಯಾಲಯ ಸತ್ಯ ಇದು ಎಂದು ಹೇಳಿದರೆ ವರ್ಡಿಕ್ಟ್. ನಮ್ಮ ದೇವಾಲಯದಲ್ಲಿ ಪರಮಪ್ರಸಾದದ ಆರಾಧನೆಯ ಕೊನೆಗೆ ನಡೆಯುವ ಬೆನೆಡಿಕ್ಷನ್ ಕೂಡ ಇದೇ ಮನೆತನದ್ದು. 'ಬೆನೆ' ಎಂದರೆ ಒಳ್ಳೆಯದು. ಒಳ್ಳೆಯದನ್ನು ನುಡಿಯುವುದು, ಅಂದರೆ ಹರಸುವುದು. 2005ರಿಂದ 2013ರವರೆಗೆ ವಿಶ್ವಗುರುಗಳಾಗಿದ್ದ 16ನೆಯ ಬೆನೆಡಿಕ್ಟರ ಹೆಸರಿನ ಅರ್ಥವೂ 'ಹರಸಲ್ಪಟ್ಟವನು' ಎಂದೇ. ಹೀಗೆ ಬೆನೆಡಿಕ್ಷನ್ ಮತ್ತು ಕಾಂಟ್ರಡಿಕ್ಷನ್ ಅಕ್ಕತಂಗಿಯರು: ಒಂದು ಒಳ್ಳೆಯ ನುಡಿ, ಇನ್ನೊಂದು ಎದುರು ನುಡಿ.

ಕನ್ನಡದಲ್ಲೂ ಇದೇ ರೀತಿ ಕಟ್ಟಿದ ಪದ ನಮ್ಮ ಬಾಯಲ್ಲೇ ಇದೆ. 'ಎದುರು' ಮತ್ತು 'ಆಡು' ಸೇರಿ 'ಎದುರಾಡು'. 'ಎದುರುತ್ತರ', 'ಎದುರು ಮಾತು' ಎಂದೂ ಹೇಳುತ್ತೇವೆ. ಬರಹದ ಭಾಷೆಗೆ ಬಂದಾಗ 'ವಿರೋಧ', 'ವೈರುಧ್ಯ', 'ಪರಸ್ಪರ ವಿರುದ್ಧ' ಎನ್ನುತ್ತೇವೆ. ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಒಂದು ಕಡೆ 'ಎದುರುತ್ತರ', ಇನ್ನೊಂದು ಕಡೆ 'ವೈರುಧ್ಯ' ಎಂದು ಬೇರೆ ಬೇರೆ ಪದ ಬೇಕಾಗುವುದೇಕೆ? ಏಕೆಂದರೆ ಆ ಪದಕ್ಕೆ ಬೇರೆ ಬೇರೆ ಅರ್ಥಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯ ಅರ್ಥ: ಒಬ್ಬರಿಗೆ ಇನ್ನೊಬ್ಬರು ಎದುರಾಡುವುದು

ಇಲ್ಲಿ ಇಬ್ಬರು ಇರುತ್ತಾರೆ. ಒಬ್ಬರು ಒಂದು ಮಾತು ಹೇಳುತ್ತಾರೆ, ಇನ್ನೊಬ್ಬರು "ಅದು ಹಾಗಲ್ಲ" ಎನ್ನುತ್ತಾರೆ. 'ಡೋಂಟ್ ಕಾಂಟ್ರಡಿಕ್ಟ್ ಮಿ' ಎಂದರೆ 'ನನಗೆ ಎದುರಾಡಬೇಡ'. ಹಿಂದಿನ ಕಾಲದ ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದು ಸುದ್ದಿಯನ್ನು ಸರಕಾರ ಅಲ್ಲಗಳೆದಾಗ ಆ ವರದಿ 'ಕಾಂಟ್ರಡಿಕ್ಟ್' ಆಗಿದೆ ಎಂದು ಬರೆಯುತ್ತಿದ್ದರು. ತನ್ನ ಮಾತನ್ನು ಯಾರೂ ಅಲ್ಲಗಳೆಯಲಾರರು ಎಂಬ ಧೈರ್ಯವಿದ್ದವರು 'ವಿದೌಟ್ ಫಿಯರ್ ಆಫ್ ಕಾಂಟ್ರಡಿಕ್ಷನ್' ಎಂದು ಮಾತು ಶುರು ಮಾಡುವುದೂ ಉಂಟು.

ನಮ್ಮ ಓದುಗರು ಈ ಅರ್ಥವನ್ನು ಗಮನಿಸಬೇಕಾದ ಒಂದು ಮುಖ್ಯ ಜಾಗವಿದೆ. ಲೂಕನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ವೃದ್ಧ ಸಿಮೆಯೋನರು ಬಾಲಯೇಸುವನ್ನು ಕೈಯಲ್ಲಿ ಎತ್ತಿಕೊಂಡು ಮಾತೆ ಮರಿಯಳಿಗೆ ನುಡಿದ ಮಾತು ನೆನಪಿದೆಯಲ್ಲ? ಪ್ರತಿವರ್ಷ ಫೆಬ್ರವರಿ 2ರ ಹಬ್ಬದಂದು ಕೇಳುವ ವಾಚನವದು. ಈ ಮಗು ಜನರ ವಿರೋಧಕ್ಕೆ ಗುರಿಯಾಗುವ ಸಂಕೇತ ಎಂಬುದು ಅದರ ಸಾರ. ಇದನ್ನು ಇಂಗ್ಲಿಷಿನಲ್ಲಿ 'ಸೈನ್ ಆಫ್ ಕಾಂಟ್ರಡಿಕ್ಷನ್' ಎಂದು ಕರೆಯುವ ರೂಢಿ ಇದೆ. 1976ರಲ್ಲಿ ಕಾರ್ಡಿನಲ್ ವೊಯ್ಟಿವಾ ಅವರು, ಅಂದರೆ ಮುಂದೆ ಎರಡನೆಯ ಜಾನ್ ಪಾಲರಾದವರು, ವಿಶ್ವಗುರು ಆರನೆಯ ಪಾಲರಿಗೆ ತಪಸ್ಸುಕಾಲದ ಧ್ಯಾನಕೂಟ ನಡೆಸಿಕೊಟ್ಟರು. ಆ ಪ್ರವಚನಗಳು ಇದೇ ಹೆಸರಿನ ಪುಸ್ತಕವಾಗಿ ಬಂದಿವೆ. ಹೆಸರನ್ನು ಮಾತ್ರ ಓದಿದವರಿಗೆ 'ಯೇಸುವಿನ ಮಾತಿನಲ್ಲಿ ವೈರುಧ್ಯವೇ?' ಎಂಬ ಗೊಂದಲ ಬರಬಹುದು. ಹಾಗಲ್ಲ. ಜನರು ಅವರಿಗೆ ಎದುರಾಡುವರು ಎಂದಷ್ಟೇ ಅರ್ಥ. ಇಲ್ಲಿರುವುದು 'ಎದುರುಮಾತು', 'ವೈರುಧ್ಯ' ಅಲ್ಲ.

ಎರಡನೆಯ ಅರ್ಥ: ಮಾತಿಗೆ ಮಾತೇ ಎದುರು ನಿಲ್ಲುವುದು

ಇಲ್ಲಿ ಜಗಳವಾಡುವುದು ಮನುಷ್ಯರಲ್ಲ, ಮಾತುಗಳು. "ಅಂಗಡಿ ವಾರದ ಏಳು ದಿನವೂ ತೆರೆದಿರುತ್ತದೆ" ಎಂದು ಒಂದು ಬೋರ್ಡು. ಅದರ ಕೆಳಗೆ "ಭಾನುವಾರ ರಜೆ" ಎಂದು ಇನ್ನೊಂದು ಬೋರ್ಡು. ಎರಡೂ ನಿಜವಾಗಲು ಸಾಧ್ಯವಿಲ್ಲ. ಇದೇ ಕಾಂಟ್ರಡಿಕ್ಷನ್. ಇಂದು ಈ ಪದ ಹೆಚ್ಚಾಗಿ ಬಳಕೆಯಾಗುವುದು ಈ ಅರ್ಥದಲ್ಲಿಯೇ.

ಎರಡು ಮಾತುಗಳ ನಡುವೆ ನಿಜವಾಗಿಯೂ ಕಾಂಟ್ರಡಿಕ್ಷನ್ ಇದೆಯೇ ಎಂದು ಪರೀಕ್ಷಿಸುವುದು ಹೇಗೆ? ಗ್ರೀಸ್ ದೇಶದ ತತ್ವಜ್ಞಾನಿ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ತನ್ನ 'ಮೆಟಫಿಸಿಕ್ಸ್' ಗ್ರಂಥದಲ್ಲಿ ಇದಕ್ಕೆ ಅಳತೆಗೋಲು ಕೊಟ್ಟಿದ್ದಾನೆ. ಅದನ್ನು ನಮ್ಮ ಮಾತಿನಲ್ಲಿ ಮೂರು ಪ್ರಶ್ನೆಗಳಾಗಿ ಹೇಳಬಹುದು.

1. ಎರಡೂ ಮಾತು ಒಂದೇ ವಿಷಯದ ಬಗ್ಗೆಯೇ?
2. ಎರಡೂ ಮಾತು ಒಂದೇ ಕಾಲದ ಬಗ್ಗೆಯೇ?
3. ಎರಡರಲ್ಲೂ ಪದಗಳಿಗೆ ಒಂದೇ ಅರ್ಥವೇ?

ಮೂರಕ್ಕೂ 'ಹೌದು' ಎಂದಾದರೆ ಮಾತ್ರ ಕಾಂಟ್ರಡಿಕ್ಷನ್. ಒಂದಕ್ಕೆ 'ಅಲ್ಲ' ಎಂದಾದರೂ ಆರೋಪ ಬಿದ್ದುಹೋಗುತ್ತದೆ. "ಹತ್ತು ವರ್ಷದ ಹಿಂದೆ ನೀವು ಅಡಿಕೆ ತೋಟವೇ ಸಾಕು ಎಂದಿರಿ, ಈಗ ಕಾಳುಮೆಣಸೂ ಬೇಕು ಎನ್ನುತ್ತೀರಿ" ಎಂದರೆ ಅದು ಕಾಂಟ್ರಡಿಕ್ಷನ್ ಅಲ್ಲ. ಕಾಲ ಬೇರೆ, ಬೆಲೆ ಬೇರೆ, ಮನಸ್ಸು ಬದಲಾಗಿದೆ. ಮನಸ್ಸು ಬದಲಾಯಿಸುವುದು ತಪ್ಪಲ್ಲ.

ನಮ್ಮ ಗಾದೆಗಳನ್ನೇ ನೋಡಿ. 'ತಾಳಿದವನು ಬಾಳಿಯಾನು' ಎಂಬ ಗಾದೆ ಇದೆ. 'ನಾಳೆ ಎಂದವನ ಮನೆ ಹಾಳು' ಎಂಬ ಗಾದೆಯೂ ಇದೆ. ಒಂದು ಕಾಯಿರಿ ಎನ್ನುತ್ತದೆ, ಇನ್ನೊಂದು ಕಾಯಬೇಡಿ ಎನ್ನುತ್ತದೆ. ಆದರೆ ಮೊದಲನೆಯದು ಕಷ್ಟ ಬಂದವನಿಗೆ, ಎರಡನೆಯದು ಕೆಲಸ ಮುಂದೂಡುವವನಿಗೆ. ವಿಷಯ ಬೇರೆಯಾದ್ದರಿಂದ ಇದು ಕಾಂಟ್ರಡಿಕ್ಷನ್ ಅಲ್ಲ. ಯಾವ ಔಷಧ ಯಾವ ಕಾಯಿಲೆಗೆ ಎಂಬ ವಿವೇಕ.

ಒಂದೇ ವಾಕ್ಯದ ಒಳಗೆ ಪದಗಳೇ ಹೊಡೆದಾಡಿದರೆ ಇಂಗ್ಲಿಷಿನಲ್ಲಿ ಅದು 'ಕಾಂಟ್ರಡಿಕ್ಷನ್ ಇನ್ ಟರ್ಮ್ಸ್'. 'ಮದುವೆಯಾದ ಬ್ರಹ್ಮಚಾರಿ', 'ನಾಲ್ಕು ಮೂಲೆಯ ವೃತ್ತ' ಎಂಬಂತೆ. ನಮ್ಮ ಪಂಡಿತರು ಇದನ್ನು 'ವದತೋ ವ್ಯಾಘಾತ' ಎಂದು ಕರೆದರು. 'ನನ್ನ ತಾಯಿ ಬಂಜೆ' ಎಂಬುದು ಅವರು ಕೊಡುತ್ತಿದ್ದ ಉದಾಹರಣೆ. ಹೇಳುವವನು ಹುಟ್ಟಿರುವುದೇ ಅವನ ಮಾತು ಸುಳ್ಳೆನ್ನುವುದಕ್ಕೆ ಸಾಕ್ಷಿ!

ಮೂರನೆಯ ಅರ್ಥ: ಬದುಕಿನ ಒಳಗೇ ಇರುವ ಎಳೆದಾಟ

ಮಾತಿನಲ್ಲಿ ಅಲ್ಲ, ವಸ್ತುಸ್ಥಿತಿಯಲ್ಲೇ ಒಂದಕ್ಕೊಂದು ಹೊಂದದ ಎರಡು ಸಂಗತಿಗಳು ಒಟ್ಟಿಗೆ ಇದ್ದರೆ ಅದನ್ನೂ ಕಾಂಟ್ರಡಿಕ್ಷನ್ ಎನ್ನುತ್ತಾರೆ. ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ದೊಡ್ಡ ಉದಾಹರಣೆ ಇದೆ. 1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ, ಡಾ. ಬಿ.ಆರ್. ಅಂಬೇಡ್ಕರ್ ಅವರು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡಿದರು. 1950ರ ಜನವರಿ 26ರಂದು ನಾವು ಕಾಂಟ್ರಡಿಕ್ಷನ್‌ಗಳ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ರಾಜಕೀಯದಲ್ಲಿ ಎಲ್ಲರಿಗೂ ಒಂದೇ ಮತ, ಪ್ರತಿ ಮತಕ್ಕೂ ಒಂದೇ ಬೆಲೆ. ಆದರೆ ಸಮಾಜದಲ್ಲಿ ಮತ್ತು ಹಣಕಾಸಿನ ಬದುಕಿನಲ್ಲಿ ಅಸಮಾನತೆ. ಈ ವೈರುಧ್ಯವನ್ನು ಬೇಗ ನಿವಾರಿಸದಿದ್ದರೆ ಕಷ್ಟಪಟ್ಟು ಕಟ್ಟಿದ ಪ್ರಜಾಪ್ರಭುತ್ವದ ಕಟ್ಟಡವೇ ಉಳಿಯದು ಎಂಬುದು ಅವರ ಮಾತಿನ ತಾತ್ಪರ್ಯ. ಕಾಂಟ್ರಡಿಕ್ಷನ್ ಎಂಬ ಪದವನ್ನು ಇಷ್ಟು ತೂಕದಿಂದ ಬಳಸಿದ ಉದಾಹರಣೆ ನಮ್ಮ ನಾಡಿನಲ್ಲಿ ಅಪರೂಪ. ವೈರುಧ್ಯವನ್ನು ತೋರಿಸಿ ಅವರು ಸುಮ್ಮನಾಗಲಿಲ್ಲ. ಅದನ್ನು ನಿವಾರಿಸಬೇಕೆಂದೂ ಹೇಳಿದರು.

ಕಾಸರಗೋಡಿನ ನಮ್ಮ ಓದುಗರು ಮಲಯಾಳದ ರಾಜಕೀಯ ಭಾಷಣಗಳಲ್ಲಿ 'ವೈರುಧ್ಯಾತ್ಮಕ ಭೌತಿಕವಾದ' ಎಂಬ ದೊಡ್ಡ ಪದ ಕೇಳಿರುತ್ತೀರಿ. ಅಲ್ಲಿರುವ 'ವೈರುಧ್ಯ' ಕೂಡ ಇದೇ ಮೂರನೆಯ ಅರ್ಥದ್ದು. ಸಮಾಜದ ಒಳಗಿನ ಎಳೆದಾಟಗಳೇ ಬದಲಾವಣೆಯನ್ನು ತರುತ್ತವೆ ಎಂಬುದು ಮಾರ್ಕ್ಸ್‌ವಾದಿಗಳ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ಮಲಯಾಳಕ್ಕೂ ಕನ್ನಡಕ್ಕೂ ಈ ಪದ ಒಂದೇ ಎಂಬುದು ನಮ್ಮ ಗಡಿನಾಡಿನ ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಅನುಕೂಲ.

ವಾಕ್ಯದಲ್ಲಿ ಬಳಸುವುದು ಹೇಗೆ?

ಕನ್ನಡದಲ್ಲಿ 'ಅವನಿಗೆ ಎದುರಾಡಿದ', 'ಅದಕ್ಕೆ ವಿರುದ್ಧವಾಗಿ ಹೇಳಿದ' ಎನ್ನುತ್ತೇವೆ. ಆ 'ಗೆ', 'ಕ್ಕೆ' ನಮ್ಮ ಇಂಗ್ಲಿಷಿಗೂ ಬಂದು ಸೇರಿಬಿಡುತ್ತದೆ. ಆದ್ದರಿಂದಲೇ 'ಹಿ ಕಾಂಟ್ರಡಿಕ್ಟೆಡ್ ಟು ಮಿ', 'ಕಾಂಟ್ರಡಿಕ್ಟೆಡ್ ಅಗೇನ್ಸ್ಟ್ ಮಿ' ಎಂಬ ವಾಕ್ಯಗಳು ಹುಟ್ಟುತ್ತವೆ. ಇವು ತಪ್ಪು. 'ಕಾಂಟ್ರಾ' ಎಂಬುದರಲ್ಲೇ 'ಎದುರು' ಎಂಬ ಅರ್ಥ ಇರುವಾಗ ಇನ್ನೊಂದು 'ಅಗೇನ್ಸ್ಟ್' ಏಕೆ? 'ಹಿ ಕಾಂಟ್ರಡಿಕ್ಟೆಡ್ ಮಿ' ಎಂದರೆ ಸಾಕು.

ನಾಮಪದವಾದಾಗ ಮಾತ್ರ ಜೊತೆಗೆ ಬೇರೆ ಪದ ಬೇಕು. ಎರಡು ಸಂಗತಿಗಳ ನಡುವೆ ಎಂದಾಗ 'ಬಿಟ್ವೀನ್': 'ಎ ಕಾಂಟ್ರಡಿಕ್ಷನ್ ಬಿಟ್ವೀನ್ ಹಿಸ್ ವರ್ಡ್ಸ್ ಅಂಡ್ ಹಿಸ್ ಆಕ್ಷನ್ಸ್'. ಒಂದರ ಒಳಗೇ ಎಂದಾಗ 'ಇನ್': 'ಎ ಕಾಂಟ್ರಡಿಕ್ಷನ್ ಇನ್ ದ ರಿಪೋರ್ಟ್'. ಒಂದಕ್ಕೆ ವಿರುದ್ಧವಾಗಿ ಎಂದು ಹೇಳುವಾಗ 'ಇನ್ ಕಾಂಟ್ರಡಿಕ್ಷನ್ ಟು' ಅಥವಾ 'ವಿತ್'. ಗುಣವಾಚಕ 'ಕಾಂಟ್ರಡಿಕ್ಟರಿ': 'ಕಾಂಟ್ರಡಿಕ್ಟರಿ ಸ್ಟೇಟ್‌ಮೆಂಟ್ಸ್' ಎಂದರೆ ಪರಸ್ಪರ ವಿರುದ್ಧ ಹೇಳಿಕೆಗಳು. ತನ್ನ ಮಾತಿಗೆ ತಾನೇ ಎದುರಾಡಿದರೆ 'ಹಿ ಕಾಂಟ್ರಡಿಕ್ಟೆಡ್ ಹಿಮ್‌ಸೆಲ್ಫ್'.

ನೆರೆಹೊರೆಯ ಪದಗಳು: ಎಡವಬೇಡಿ

ಕಾಂಟ್ರರಿ: ಇದು ಕಾಂಟ್ರಡಿಕ್ಟರಿ ಪದದ ನೆಂಟ, ಆದರೆ ಒಂದೇ ಅಲ್ಲ. "ಎಲ್ಲ ಮಕ್ಕಳೂ ಧರ್ಮೋಪದೇಶಕ್ಕೆ ಬಂದಿದ್ದಾರೆ" ಎಂದು ಒಬ್ಬರು, "ಒಂದು ಮಗುವೂ ಬಂದಿಲ್ಲ" ಎಂದು ಇನ್ನೊಬ್ಬರು ಹೇಳಿದರೆಂದು ಇಟ್ಟುಕೊಳ್ಳಿ. ಎರಡೂ ನಿಜವಾಗದು. ಆದರೆ ಅರ್ಧ ಮಕ್ಕಳು ಬಂದಿದ್ದರೆ ಎರಡೂ ಸುಳ್ಳು! ಇಂಥ ಜೋಡಿ 'ಕಾಂಟ್ರರಿ'. "ಎಲ್ಲ ಮಕ್ಕಳೂ ಬಂದಿದ್ದಾರೆ" ಎಂಬುದಕ್ಕೆ ನಿಜವಾದ ಕಾಂಟ್ರಡಿಕ್ಷನ್ ಯಾವುದು? "ಒಬ್ಬನಾದರೂ ಬಂದಿಲ್ಲ" ಎಂಬುದು. ಇವೆರಡರಲ್ಲಿ ಒಂದು ನಿಜ, ಒಂದು ಸುಳ್ಳು ಆಗಿಯೇ ತೀರಬೇಕು.

ಈ ಭೇದ ತರ್ಕಶಾಸ್ತ್ರದವರಿಗೆ ಮಾತ್ರ ಎಂದು ತಿಳಿಯಬೇಡಿ. "ನೀವು ಯಾವಾಗಲೂ ತಡ ಮಾಡಿಯೇ ಮನೆಗೆ ಬರುವುದು" ಎಂದು ಹೆಂಡತಿ, "ನಾನು ಯಾವತ್ತೂ ತಡ ಮಾಡಿದ್ದೇ ಇಲ್ಲ" ಎಂದು ಗಂಡ. ಇಬ್ಬರೂ ಒಬ್ಬರು ಗೆದ್ದರೆ ಇನ್ನೊಬ್ಬರು ಸೋತಂತೆ ಎಂದುಕೊಂಡಿರುತ್ತಾರೆ. ಇದು ಕಾಂಟ್ರರಿ ಜೋಡಿ. ಎರಡೂ ಸುಳ್ಳಾಗಿ ಸತ್ಯ ನಡುವೆ ಎಲ್ಲೋ ಇರುವುದೇ ಹೆಚ್ಚು. 'ಯಾವಾಗಲೂ', 'ಯಾವತ್ತೂ' ಎಂಬ ಎರಡು ಪದಗಳನ್ನು ಬಿಟ್ಟುಬಿಟ್ಟರೆ ಎಷ್ಟೋ ಜಗಳ ಅಲ್ಲಿಗೇ ನಿಲ್ಲುತ್ತದೆ.

ಪ್ಯಾರಡಾಕ್ಸ್: ಮೇಲುನೋಟಕ್ಕೆ ವಿರೋಧ, ಒಳಗೆ ಹೊಕ್ಕರೆ ಸತ್ಯ. ಕಡೆಯವರು ಮೊದಲಿನವರಾಗುವರು ಎಂಬ ಯೇಸುಸ್ವಾಮಿಯ ಬೋಧನೆ ಇಂಥದ್ದು. ಕನ್ನಡದ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಹೆಸರು 'ವಿರೋಧಾಭಾಸ'. ಇಲ್ಲಿ 'ಆಭಾಸ' ಎಂದರೆ ಮುಜುಗರವಲ್ಲ, 'ಬರೀ ತೋರಿಕೆ'. ವಿರೋಧದಂತೆ ತೋರುವುದು, ಆದರೆ ವಿರೋಧವಲ್ಲ. ಆದ್ದರಿಂದ ಕಾಂಟ್ರಡಿಕ್ಷನ್ ಎಂಬುದಕ್ಕೆ 'ವಿರೋಧಾಭಾಸ' ಎಂದು ಬರೆಯುವ ಅಭ್ಯಾಸ ಸರಿಯಲ್ಲ. ಹಾಗೆ ಬರೆದರೆ ಅರ್ಥ ತಲೆಕೆಳಗಾಗುತ್ತದೆ. 'ವೈರುಧ್ಯ' ಎಂದರೆ ಸಾಕು.

ಆಕ್ಸಿಮೋರಾನ್: ಎರಡು ವಿರುದ್ಧ ಪದಗಳನ್ನು ಬೇಕೆಂದೇ ಒಟ್ಟಿಗೆ ಇಡುವುದು. 'ಓಪನ್ ಸೀಕ್ರೆಟ್', ಅಂದರೆ ಊರಿಗೆಲ್ಲ ಗೊತ್ತಿರುವ ಗುಟ್ಟು. ಇದು ತಪ್ಪಲ್ಲ, ಮಾತಿನ ಚಂದ.

ಕಾಂಟ್ರಾಇಂಡಿಕೇಷನ್: ಔಷಧದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಪದ. ಕಾಂಟ್ರಡಿಕ್ಷನ್ ಎಂದು ಓದಿ ಮುಂದೆ ಹೋಗಬೇಡಿ. ಈ ಔಷಧವನ್ನು ಯಾರಿಗೆ, ಯಾವ ಸ್ಥಿತಿಯಲ್ಲಿ ಕೊಡಲೇಬಾರದು ಎಂಬುದನ್ನು ಅದು ಹೇಳುತ್ತದೆ. ಉದಾಹರಣೆಗೆ ವೈರಸ್ ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಡೆಂಗಿ ಜ್ವರದಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ದೊಡ್ಡವರಿಗೂ ಅದು ಸಲ್ಲದು. ಈ ಪದ ಕಂಡಲ್ಲಿ ನಿಂತು ಓದಿ, ಅರ್ಥವಾಗದಿದ್ದರೆ ಡಾಕ್ಟರನ್ನು ಕೇಳಿ.

ಗಣಿತದಲ್ಲಿ: ವೈರುಧ್ಯವೇ ದಾರಿದೀಪ

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕ ಓದುವ ಮಕ್ಕಳಿಗೆ 'ಪ್ರೂಫ್ ಬೈ ಕಾಂಟ್ರಡಿಕ್ಷನ್' ಗೊತ್ತಿರುತ್ತದೆ. 2ರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಸಾಧ್ಯವಿಲ್ಲ ಎಂದು ಸಾಧಿಸಬೇಕು. ಹೇಗೆ? ಮೊದಲು ಎದುರಾಳಿಯ ಮಾತನ್ನೇ ಒಪ್ಪಿಕೊಳ್ಳಬೇಕು. ಬರೆಯಬಹುದು ಎಂದಿಟ್ಟುಕೊಳ್ಳೋಣ, ಮೇಲೂ ಕೆಳಗೂ ಇರುವ ಸಂಖ್ಯೆಗಳನ್ನು ಇನ್ನು ಸಂಕ್ಷೇಪಿಸಲಾಗದಷ್ಟು ಸಂಕ್ಷೇಪಿಸಿದ್ದೇವೆ ಎನ್ನೋಣ. ಲೆಕ್ಕ ಮಾಡುತ್ತಾ ಹೋದರೆ ಮೇಲಿನ ಸಂಖ್ಯೆ ಸಮಸಂಖ್ಯೆ ಎಂದಾಗುತ್ತದೆ, ಆಮೇಲೆ ಕೆಳಗಿನದೂ ಸಮಸಂಖ್ಯೆ ಎಂದಾಗುತ್ತದೆ. ಹಾಗಾದರೆ ಎರಡನ್ನೂ 2ರಿಂದ ಭಾಗಿಸಬಹುದು. ಸಂಕ್ಷೇಪಿಸಲಾಗದು ಎಂದು ಈಗಷ್ಟೇ ಹೇಳಿದೆವಲ್ಲ! ಇದು ವೈರುಧ್ಯ. ಆದ್ದರಿಂದ ಮೊದಲು ಒಪ್ಪಿಕೊಂಡ ಮಾತೇ ತಪ್ಪು.

ಇಲ್ಲೊಂದು ಪಾಠವೂ ಇದೆ. ಎದುರಾಳಿಯ ಮಾತನ್ನು ಕೂಗಿ ಅಡಗಿಸಲಿಲ್ಲ. ಕೊನೆಯವರೆಗೆ ಅದರ ಜೊತೆ ನಡೆದೆವು. ಅದು ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಅದೇ ತೋರಿಸಿತು.

ನ್ಯಾಯಾಲಯದಲ್ಲಿ: ಮೊದಲು ತೋರಿಸು, ಆಮೇಲೆ ಹೇಳು

ಸಾಕ್ಷಿ ಹೇಳಿದವರು ಪೊಲೀಸರ ಮುಂದೆ ಒಂದು, ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ ವಕೀಲರು ಅದನ್ನು ಕಾಂಟ್ರಡಿಕ್ಷನ್ ಎಂದು ಎತ್ತಿ ಹಿಡಿಯುತ್ತಾರೆ. ಒಬ್ಬರ ಸೆರೆವಾಸ, ಬಿಡುಗಡೆ ಇದರ ಮೇಲೆ ನಿಂತಿರಬಹುದು. ಆದರೆ ಹಿಂದಿನ ಹೇಳಿಕೆಯನ್ನು ಸಾಕ್ಷಿಯ ಬೆನ್ನ ಹಿಂದೆ ಬಳಸುವಂತಿಲ್ಲ. ಬರೆದಿಟ್ಟ ಹೇಳಿಕೆಯಿಂದ ಸಾಕ್ಷಿಯ ಮಾತನ್ನು ಸುಳ್ಳೆಂದು ತೋರಿಸಬೇಕಾದರೆ, ಆ ಭಾಗವನ್ನು ಮೊದಲು ಸಾಕ್ಷಿಯ ಗಮನಕ್ಕೇ ತರಬೇಕು. 1872ರ ಸಾಕ್ಷ್ಯ ಕಾಯ್ದೆಯ 145ನೆಯ ಸೆಕ್ಷನ್ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ನಿಯಮ 148ನೆಯ ಸೆಕ್ಷನ್ ಆಗಿ ಮುಂದುವರಿದಿದೆ. ತನ್ನ ಎರಡು ಮಾತುಗಳ ನಡುವೆ ಏಕೆ ಅಂತರ ಬಂತು ಎಂದು ವಿವರಿಸುವ ಅವಕಾಶ ಸಾಕ್ಷಿಗೆ ಸಿಗಲಿ ಎಂಬುದು ಇದರ ಹಿಂದಿನ ನ್ಯಾಯ.

ಹಾಗೆಯೇ ಎಲ್ಲ ವ್ಯತ್ಯಾಸವೂ ಕಾಂಟ್ರಡಿಕ್ಷನ್ ಅಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಸಂಜೆ ಆರೂವರೆಯೋ ಏಳೋ, ಅಂಗಿ ನೀಲಿಯೋ ಬೂದಿಯೋ ಎಂಬಲ್ಲಿ ನೆನಪು ಅಲುಗಾಡುವುದು ಸಹಜ. ಪ್ರಕರಣದ ಬುಡವನ್ನೇ ಅಲುಗಾಡಿಸುವ ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಪತ್ರಿಕೆಗಳಲ್ಲಿ 'ಮೈನರ್ ಕಾಂಟ್ರಡಿಕ್ಷನ್ಸ್', 'ಮೆಟೀರಿಯಲ್ ಕಾಂಟ್ರಡಿಕ್ಷನ್ಸ್' ಎಂಬ ಎರಡು ಪದಗಳನ್ನು ಕಾಣುತ್ತೇವೆ.

ಬೈಬಲ್ ಓದುವಾಗ

"ಬೈಬಲಿನಲ್ಲಿ ಕಾಂಟ್ರಡಿಕ್ಷನ್ ಇದೆಯಲ್ಲ?" ಎಂದು ಕಾಲೇಜಿನಲ್ಲಿ ಗೆಳೆಯರು ಕೇಳಿದರು ಎಂದು ನಮ್ಮ ಯುವಕ ಯುವತಿಯರು ಹೇಳುವುದುಂಟು. ಕೋಪಿಸಿಕೊಳ್ಳುವ ಬದಲು ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಜೆರಿಕೋ ಪಟ್ಟಣದ ಬಳಿ ಯೇಸು ಕುರುಡರಿಗೆ ಕಣ್ಣು ಕೊಟ್ಟದ್ದನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಮತ್ತಾಯನು ಇಬ್ಬರು ಕುರುಡರು ಎನ್ನುತ್ತಾನೆ. ಮಾರ್ಕನು ಒಬ್ಬನನ್ನೇ ಹೇಳಿ ಬಾರ್ತಿಮಾಯ ಎಂದು ಹೆಸರನ್ನೂ ಕೊಡುತ್ತಾನೆ. 'ಒಬ್ಬನಿದ್ದ' ಎಂಬುದು 'ಒಬ್ಬನೇ ಇದ್ದ' ಎಂಬುದಕ್ಕೆ ಸಮವಲ್ಲ. ಆದ್ದರಿಂದ ಇದು ವ್ಯತ್ಯಾಸ, ವೈರುಧ್ಯವಲ್ಲ. ಆದರೆ ಇದು ನಡೆದದ್ದು ಊರಿನಿಂದ ಹೊರಡುವಾಗ ಎಂದು ಮಾರ್ಕ, ಊರಿಗೆ ಸಮೀಪಿಸುವಾಗ ಎಂದು ಲೂಕ ಹೇಳುವಲ್ಲಿ ಪ್ರಶ್ನೆ ಸ್ವಲ್ಪ ಗಟ್ಟಿ. ಅದನ್ನು ಇಲ್ಲವೆನ್ನಬೇಕಾಗಿಲ್ಲ. ಸುಮಾರು ಕ್ರಿ.ಶ. 400ರ ಹೊತ್ತಿಗೇ ಸಂತ ಅಗಸ್ಟೀನರು ನಾಲ್ಕು ಶುಭಸಂದೇಶಗಳ ಹೊಂದಾಣಿಕೆಯ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದರು. ಪ್ರಶ್ನೆ ಕೇಳಿದವರನ್ನು ಹಿರಿಯರು ಗದರಿಸಿ ಕಳಿಸಲಿಲ್ಲ, ಕೂತು ಓದಿದರು ಎಂಬುದು ಇದರಿಂದ ತಿಳಿಯುತ್ತದೆ.

ಮನೆಯಲ್ಲಿ

ಈಗ ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ ಬರೋಣ. ಮನೆಯಲ್ಲಿ ಮಗುವಿಗೆ ಸುಳ್ಳು ಹೇಳಬಾರದು ಎಂದು ಕಲಿಸುತ್ತೇವೆ. ಸಾಲ ಕೊಟ್ಟವರ ಫೋನ್ ಬಂದಾಗ, "ಅಪ್ಪ ಮನೆಯಲ್ಲಿಲ್ಲ ಅಂತ ಹೇಳು ಮಗಾ" ಎಂಬ ಮಾತೂ ಅದೇ ಮನೆಯಲ್ಲಿ ಕೇಳಿಬರುತ್ತದೆ. "ನೀವೇ ಸುಳ್ಳು ಹೇಳಬಾರದು ಅಂದಿದ್ರಿ ಅಲ್ವಾ ಅಪ್ಪ?" ಎಂದು ಮಗು ಕೇಳಿದರೆ ಸಿಗುವ ಉತ್ತರವೇನು? "ದೊಡ್ಡವರಿಗೆ ಎದುರುತ್ತರ ಕೊಡ್ತೀಯಾ?"

ಇಲ್ಲಿ ನಡೆದದ್ದೇನೆಂದು ಈ ತಿಂಗಳ ಪದದ ಬೆಳಕಿನಲ್ಲಿ ನೋಡಿ. ಮಗು ತೋರಿಸಿದ್ದು ಎರಡನೆಯ ಅರ್ಥದ ಕಾಂಟ್ರಡಿಕ್ಷನ್: ಅಪ್ಪನ ಮಾತಿಗೆ ಅಪ್ಪನ ಮಾತೇ ಎದುರು ನಿಂತಿದೆ. ಬೈಗುಳ ಸಿಕ್ಕಿದ್ದು ಮೊದಲನೆಯ ಅರ್ಥದ ಕಾಂಟ್ರಡಿಕ್ಷನ್‌ಗೆ: ಮಗ ಅಪ್ಪನಿಗೆ ಎದುರು ನಿಂತಿದ್ದಾನೆ. ಒಂದು ಅರ್ಥವನ್ನು ತೋರಿಸಿ ಇನ್ನೊಂದನ್ನು ಮುಚ್ಚಿಹಾಕಿದಂತಾಯಿತು. ಮಗುವಿನ ಬಾಯಿ ಮುಚ್ಚಬಹುದು, ಆದರೆ ವೈರುಧ್ಯ ಅಲ್ಲೇ ಉಳಿಯುತ್ತದೆ. ಹತ್ತು ಸಲ ಹೀಗಾದರೆ ಮಗು ಕಲಿಯುವ ಪಾಠ ಒಂದೇ: 'ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ'.

ಮಕ್ಕಳು ಒರಟಾಗಿ ಮಾತನಾಡಿದರೆ ತಿದ್ದಬೇಕು, ನಿಜ. ಆದರೆ ಮಾತಿನ ಧಾಟಿ ಬೇರೆ, ಮಾತಿನಲ್ಲಿರುವ ಸತ್ಯ ಬೇರೆ. "ಹೀಗೆ ಗಟ್ಟಿಯಾಗಿ ಹೇಳಬೇಡ ಮಗಾ, ಆದರೆ ನೀನು ಹೇಳಿದ್ದು ಸರಿ" ಎಂದು ಎರಡನ್ನೂ ಬೇರ್ಪಡಿಸಿ ಹೇಳುವ ಅಪ್ಪ ಅಮ್ಮನ ಗೌರವ ಮಗುವಿನ ಕಣ್ಣಲ್ಲಿ ಕಡಿಮೆಯಾಗುವುದಿಲ್ಲ. ದೊಡ್ಡವರಿಗೂ ಅದೇ ನ್ಯಾಯ. ಮಕ್ಕಳ, ಸೊಸೆಯ, ಅತ್ತೆಯ ಮಾತಿನಲ್ಲಿ ವೈರುಧ್ಯ ಕಂಡರೆ ಕೋರ್ಟಿನ ನಿಯಮ ನೆನಪಿರಲಿ: ನಾಲ್ಕು ಜನರ ಮುಂದೆ ಹೇಳುವ ಮೊದಲು ಅವರಿಗೇ ತೋರಿಸಿ, ವಿವರಿಸಲು ಬಿಡಿ. ಆಗ ಒಂದೋ ತಪ್ಪು ತಿದ್ದಿಕೊಳ್ಳುತ್ತಾರೆ, ಇಲ್ಲವೇ 'ಓ, ಇವರು ಹೇಳಿದ್ದು ಬೇರೆ ಅರ್ಥದಲ್ಲಿ' ಎಂದು ನಮಗೇ ತಿಳಿಯುತ್ತದೆ.

ಅಭ್ಯಾಸ: ಮಕ್ಕಳೊಂದಿಗೆ ಕೂತು ಮಾಡಿ

1. "ಅಣ್ಣ ಎತ್ತರ, ತಮ್ಮ ಗಿಡ್ಡ." ಇದು ಕಾಂಟ್ರಡಿಕ್ಷನ್ ಹೌದೋ ಅಲ್ಲವೋ?
2. "ಈ ಬುಟ್ಟಿಯ ಎಲ್ಲ ಮಾವಿನಹಣ್ಣೂ ಸಿಹಿ." "ಈ ಬುಟ್ಟಿಯ ಒಂದು ಹಣ್ಣೂ ಸಿಹಿಯಿಲ್ಲ." ಇದು ಕಾಂಟ್ರರಿಯೋ, ಕಾಂಟ್ರಡಿಕ್ಟರಿಯೋ?
3. ತಿದ್ದಿ ಬರೆಯಿರಿ: 'ದ ವಿಟ್ನೆಸ್ ಕಾಂಟ್ರಡಿಕ್ಟೆಡ್ ಟು ಹಿಸ್ ಫಸ್ಟ್ ಸ್ಟೇಟ್‌ಮೆಂಟ್.'
4. ಕ್ರೇತ ದ್ವೀಪದವನೊಬ್ಬ ತನ್ನ ನಾಡಿನವರೆಲ್ಲ ಸದಾ ಸುಳ್ಳುಗಾರರು ಎಂದಿದ್ದನ್ನು ಸಂತ ಪೌಲರು ತೀತನಿಗೆ ಬರೆದ ಪತ್ರದ 1ನೆಯ ಅಧ್ಯಾಯದಲ್ಲಿ ನೆನಪಿಸಿದ್ದಾರೆ. ಆಡುವ ಪ್ರತಿಯೊಂದು ಮಾತೂ ಸುಳ್ಳಾಗಿರುವವನೇ ಸುಳ್ಳುಗಾರ ಎಂದಿಟ್ಟುಕೊಂಡರೆ, ಆ ಕ್ರೇತದವನ ಮಾತು ನಿಜವಾಗಲು ಸಾಧ್ಯವೇ?

ಉತ್ತರಗಳು: (1) ಅಲ್ಲ, ಇಬ್ಬರು ಬೇರೆ ಬೇರೆ ವ್ಯಕ್ತಿಗಳು. (2) ಕಾಂಟ್ರರಿ, ಕೆಲವು ಸಿಹಿ, ಕೆಲವು ಹುಳಿ ಇದ್ದರೆ ಎರಡೂ ಸುಳ್ಳು. (3) 'ಟು' ಬೇಡ: 'ದ ವಿಟ್ನೆಸ್ ಕಾಂಟ್ರಡಿಕ್ಟೆಡ್ ಹಿಸ್ ಫಸ್ಟ್ ಸ್ಟೇಟ್‌ಮೆಂಟ್.' (4) ಸಾಧ್ಯವಿಲ್ಲ. ಅದು ನಿಜವಾದರೆ ಅವನೂ ಕ್ರೇತದವನಾದ್ದರಿಂದ ಅವನ ಈ ಮಾತೂ ಸುಳ್ಳಾಗಬೇಕು. ಮಾತು ಸುಳ್ಳು ಎಂದು ಹಿಡಿದರೆ ತೊಂದರೆಯಿಲ್ಲ: ಕ್ರೇತದಲ್ಲಿ ಯಾರೋ ಒಬ್ಬರು ಒಮ್ಮೆಯಾದರೂ ನಿಜ ಹೇಳಿದ್ದಾರೆ ಎಂದಷ್ಟೇ ಅರ್ಥ. ಅಂಥವರು ನಮ್ಮ ಊರಿನಲ್ಲೂ ಇರಲಿ, ನಮ್ಮ ಮನೆಯಲ್ಲೂ ಇರಲಿ.